ನೂರಾ ಒಂದು, ತೊಂಬತ್ತೇಳು

ನೂರಾ ಒಂದು ಎಂದು ಕೆಂಪಗೆ ಮಿನುಗಿತು ಆ ಪಿಸ್ತೂಲಿನಂಥ ಯಂತ್ರ, ನನ್ನ ಹಣೆಯ ಎದುರಿಗೇ, ಅಕ್ಕಾರ ನೀವು ಸರೀರಿ, ಜ್ವರ ಬಂದಾವ, ಮಕ್ಕಳ ವಾರ್ಡಿಗಿ ಬಿಡಂಗಿಲ್ಲ — ಎಲ್ಲಿಯ ಜ್ವರ, ಕಮಲಾಪುರದಲ್ಲಿ ಒಲೆ ಮುಂದೆ ಕೂತು ರೊಟ್ಟಿ ಬಡಿದು, ಬಸ್ಸಿನ ಬಿಸಿಲು ಕಿಟಕಿಗೆ ಮುಖ ಕೊಟ್ಟು ಬಂದವಳ ಹಣೆ ಸುಡದೆ ಇನ್ನೇನು, ಕಲಬುರಗಿಯ ಮೇ ತಿಂಗಳಲ್ಲಿ ಗೋಡೆಗೆ ಹಿಡಿದರೂ ಅದು ನೂರು ತೋರಿಸೀತು, ನಿಮ್ಮ ಹಣಿಗೇ ಹಿಡಕೊಂಡು ನೋಡ್ರಿ ಅಂದೆ, ನಾ ಎಲ್ಲಿ ಒಳಗ ಹೊಂಟೀನ್ರಿ ಅಂತ ನಕ್ಕ ಕಾವಲಿನವನು. ಹಿಂದೆ ಅತ್ತೆ ಬಂಡೆಮ್ಮ, ಎರಡು ದಿನದಿಂದ ಕೆಮ್ಮು, ಮೈ ಕಾಯುತ್ತಿತ್ತು, ಮೊಮ್ಮಗಳ ಮಾರಿ ನೋಡೇ ನೋಡ್ತೀನಿ ಅಂತ ಹಟ, ಆಸ್ಪತ್ರೆ ಅಂಗಳದ ಬೇವಿನ ಕೆಳಗೆ ಕೂರಿಸಿ ವಾರ್ಡಿನ ಕಿಟಕಿಯಿಂದ ತೋರಿಸೋಣ ಅಂದುಕೊಂಡಿದ್ದೆ, ಅವರ ಹಣೆಗೆ ಹಿಡಿದ, ತೊಂಬತ್ತೇಳು, ಹಸಿರು — ನೋಡ್ರಿ, ಆಯಿ ಹ್ಯಾಂಗ ತಂಪದಾಳ, ಆಯಿನೇ ಹೋಗ್ಲಿ, ಒಬ್ಬರಿಗೇ ಪಾಸು. ಒಳಗೆ ಮಗಳು ಕರುಣಾ ಬೆಳಗಿನಿಂದ ಹಸಿದಿರುತ್ತಾಳೆ, ಉಪ್ಪಿಲ್ಲದ ಬೇಳೆ ಆರಿ ಹೋಗುತ್ತದೆ, ಅಷ್ಟೇ ತಲೆಯಲ್ಲಿದ್ದದ್ದು, ಊಟದ ಡಬ್ಬಿ ಅತ್ತೆಯ ಕೈಗೆ ಕೊಟ್ಟುಬಿಟ್ಟೆ, ಒಳಗೆ ಹೋದರು. ಕೊಟ್ಟ ಮೇಲೆ ನೆನಪಾಯಿತು, ಆ ತಂಪು ನಾನೇ ಕೊಟ್ಟದ್ದು, ಹೊರಡುವಾಗ ಚಹಾದ ಜೊತೆ ಜ್ವರದ ಗುಳಿಗೆ, ಪಾಪ, ಬಸ್ಸಿನಲ್ಲಿ ತ್ರಾಸ ಆಗದಿರಲಿ ಅಂತ, ಗುಳಿಗೆ ಕಾವು ಇಳಿಸಿತು, ರೋಗ ಇಳಿಸಲಿಲ್ಲ, ಯಂತ್ರಕ್ಕೆ ಅದೇನು ಗೊತ್ತು. ಅಣ್ಣಾ, ಜ್ವರ ಅವರಿಗೇ ಬಂದಾವ, ಗುಳಗಿ ನಾನೇ ಕೊಟ್ಟೀನಿ, ಕರೀರಿ ಅವರಿಗಿ — ಯವ್ವಾ, ಸಿಟ್ಟ ತಂದು ಅತ್ತಿ ಮ್ಯಾಲ ಹಾಕಬ್ಯಾಡ್ರಿ, ಮಷಿನ್ ಸುಳ್ಳ ಹೇಳ್ತದೇನು? ಹತ್ತು ನಿಮಿಷ ನೆರಳಲ್ಲಿ ನಿಂತು ಮತ್ತೆ ಹಣೆ ಒಡ್ಡಿದೆ, ತೊಂಬತ್ತೆಂಟು, ನನ್ನ ಜ್ವರ ಹತ್ತೇ ನಿಮಿಷಕ್ಕೆ ವಾಸಿ, ಈಗ ಸರಿ ಅದ, ಆಯಿ ಹೊರಗ ಬರಲಿ, ನಿಮಗ ಬಿಡ್ತೀನಿ ಅನ್ನುತ್ತಾನೆ. ಕಿಟಕಿಗೆ ಓಡಿದೆ, ಮೂರನೇ ಮಂಚ, ಐದು ವರ್ಷದ ಕೂಸು, ಔಷಧಿಗೆ ಊದಿದ ಕೆನ್ನೆ, ಕೆಮ್ಮಾವರಿಗಿ ಹತ್ರ ಸೇರಸಬ್ಯಾಡ್ರಿ, ಸೋಂಕು ತಡಕೊಳ್ಳೋ ಶಕ್ತಿ ಆಕಿಗಿ ಇಲ್ಲ ಈಗ, ನಿನ್ನೆಯೇ ಹೇಳಿದ್ದರು ಡಾಕ್ಟರಮ್ಮ, ಗಾಜು ಬಡಿಯುತ್ತೇನೆ, ಅತ್ತೀ, ಮುಟ್ಟಬ್ಯಾಡ್ರಿ, ಆಕಿಗಿ ಮುಟ್ಟಬ್ಯಾಡ್ರಿ, ಅವರು ಇತ್ತ ನೋಡಿ ನಗುತ್ತಾರೆ, ಅಂಗೈಗೆ ಕೆಮ್ಮುತ್ತಾರೆ, ಎರಡೂ ಅಂಗೈ ಕೂಸಿನ ಕೆನ್ನೆಗೆ ಸವರಿ ತಮ್ಮ ಹಣೆಯ ಪಕ್ಕ ಲಟಲಟ ಲಟಿಕೆ ಮುರಿದು ದೃಷ್ಟಿ ತೆಗೆಯುತ್ತಾರೆ, ಎಷ್ಟು ಪ್ರೀತಿ, ಹೇಗೆ ಬೈಯಲಿ, ಮತ್ತೆ ಕೆಮ್ಮು, ಮತ್ತೆ ಅಂಗೈ, ಕರುಣಾ ತುತ್ತಿಗೆ ಬಾಯಿ ತೆರೆಯುತ್ತಾಳೆ, ಊದಿದ ಕೆನ್ನೆಯ ಮೇಲೆ ಆ ಅಂಗೈ, ಆ ಎರಡು ಅಂಗೈ —