ನಾರಿನ ನಕ್ಷೆ

"ಏಕಾಂತಯ್ಯ, ನಮ್ಮನ್ನೂ ಬರ್ಕಂಡ್ಯೇನಪ್ಪಾ?" ಎಂದು ಹೊಂಬಾಳಮ್ಮ ಕೇಳುವ ಹೊತ್ತಿಗೆ ಸಂಜೆ ಐದೂವರೆ. ಏಕಾಂತಯ್ಯ ಆಗಲೇ ಕುರ್ಚಿ ಮಡಚಿದ್ದ.

ತೊಂಬತ್ತೆಂಟರ ಮಾತು. ತಿಪಟೂರು ಹೆದ್ದಾರಿಯ ಪಕ್ಕ, ಹೊಂಗೆ ಮರದಡಿ ಕೂತು ರಸ್ತೆ ದಾಟುವವರನ್ನು ಎಣಿಸುವ ಕೆಲಸವನ್ನು ರಸ್ತೆ ಇಲಾಖೆ ಆಫೀಸಿನವರು ಈ ಗುಮಾಸ್ತನಿಗೆ ವಹಿಸಿದ್ದರು. ಜನ ಜಾಸ್ತಿಯಿದ್ದರೆ ಅಲ್ಲಿ ಹಂಪ್ಸ್ ಹಾಕುತ್ತಾರೆ. ಹತ್ತಕ್ಕೆ ಕೂತ, ಐದಕ್ಕೆ ಎದ್ದ. ಕೊಬ್ಬರಿ ಮಂಡಿಯಲ್ಲಿ ಕರಟ ಬಿಡಿಸುವ ಹೆಂಗಸರೇನು ಆಫೀಸಿನ ಟೈಮಿಗೆ ನಡೆಯುತ್ತಾರೆಯೇ! ಬೆಳಕು ಹರಿಯುವ ಮುಂಚೆ ಹೋದರೆ ಸಂಜೆ ಐದರ ಮೇಲೇ ವಾಪಸು.

"ಟೈಮ್ ಮುಗೀತು ಕಣಮ್ಮ. ಆಫೀಸಿನ ರೂಲು, ನಾನೇನ್ ಮಾಡ್ಲಿ?"

"ಚೆನ್ನಾಗೈತೆ ಬುಡು ನಿನ್ ರೂಲು! ನಾವೇನ್ ಮನ್ಸರಲ್ವಾ?" ನಗುತ್ತಲೇ ಅವನ ಕೈಗೊಂದು ಕೊಬ್ಬರಿ ಚೂರು ತುರುಕಿ, ಸೆರಗು ಬಿಗಿದು ರಸ್ತೆಗಿಳಿದಳು. ಅವನು ಅದನ್ನು ಜಗಿಯುತ್ತಾ ಬರೆದ: ದಿನಕ್ಕೆ ಹನ್ನೆರಡು ಜನ.

ಹಂಪ್ಸ್ ಬೇಡವೆಂದಾಯಿತು. ಎರಡು ತಿಂಗಳಿಗೆ ಅದೇ ಜಾಗದಲ್ಲಿ, ನಸುಕಿನಲ್ಲಿ, ಲಾರಿ ಹೊಂಬಾಳಮ್ಮನ ಮೇಲೆ ಹರಿಯಿತು.

ಅವಳ ಮಣ್ಣಿಗೆ ಹೋದ ಏಕಾಂತಯ್ಯನನ್ನು ಮಗಳು ಹಾಲಮ್ಮ ಬೈಯಲಿಲ್ಲ. "ಅವ್ವ ನಿಮ್ ಲೆಕ್ಕದಾಗೆ ಇರ್ನಿಲ್ವಂತೆ, ಅಲ್ವೇನಣ್ಣ?" ಎಂದಳಷ್ಟೆ. ಬೈದಿದ್ದರೂ ವಾಸಿಯಿತ್ತು.

ಏಕಾಂತಯ್ಯ ರಜೆ ಹಾಕಿ ಬೆಳಗಿನ ಐದಕ್ಕೇ ಬಂದು, ಕತ್ತಲಾಗುವವರೆಗೂ ಕೂತು ಎಣಿಸಿದ. ನಾನೂರ ಹದಿನಾರು ಜನ! ಬರೀ ಅಂಕಿ ಕೊಟ್ಟರೆ ಫೈಲಿನಲ್ಲಿ ಮುಚ್ಚಿಹೋಗುತ್ತದೆಂದು ಅವನಿಗಿಂತ ಬಲ್ಲವರುಂಟೆ? ದೊಡ್ಡ ರಟ್ಟಿನ ಮೇಲೆ ರಸ್ತೆ ಬರೆದು, ಒಬ್ಬೊಬ್ಬರಿಗೆ ಒಂದೊಂದೆಳೆ ತೆಂಗಿನ ನಾರನ್ನು ಅವರು ನಡೆದ ದಾರಿಗುಂಟ ಅಂಟಿಸಿದ. ಹಾಲಮ್ಮನೂ ಜೊತೆಯ ಹೆಂಗಸರೂ ನಾರು ಬಿಡಿಸಿಕೊಟ್ಟರು. ಹೊಂಗೆ ಮರದ ಬಳಿ ಎಳೆಗಳೆಲ್ಲ ಸೇರಿ ಹಗ್ಗದಷ್ಟು ದಪ್ಪವಾದವು.

"ಹನ್ನೆರಡು ಅಂತ ನೀವೇ ಬರೆದಿದ್ರಲ್ರೀ?" ಎಂದರು ರಟ್ಟು ನೋಡಿದ ಆಫೀಸಿನ ಸಾಹೇಬರು. "ಕಂಡಕಂಡಲ್ಲಿ ಹಂಪ್ಸ್ ಹಾಕಿದ್ರೆ ಗಾಡಿ ಓಡೋದು ಹೇಗೆ? ಈಗ ಇದನ್ನ ಒಪ್ಪಿದ್ರೆ ತಪ್ಪು ನಿಮ್ಮ ತಲೆ ಮೇಲೇ ಬರುತ್ತೆ."

"ಬರ್ಲಿ ಸಾರ್. ಅವ್ರು ನಡೆಯೋ ಹೊತ್ತಲ್ಲಿ ನಾನು ಮಲಗಿದ್ದೆ."

ಸಾಹೇಬರು ಆ ಹಗ್ಗದಂಥ ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಆಮೇಲೆ ಹಂಪ್ಸ್ ಹಾಕಲು ಸಹಿ ಹಾಕಿದರು.

ಸುದ್ದಿ ಹೇಳಲು ಬಂದ ಏಕಾಂತಯ್ಯನ ಮುಂದೆ ಹಾಲಮ್ಮ ಇನ್ನೊಂದೆಳೆ ನಾರು ಹಿಡಿದಳು. "ಇದು ಅವ್ವಂದು."

ಅವನು ಜೊತೆಗೆ ತಂದಿದ್ದ ರಟ್ಟು ಬಿಚ್ಚಿ, ಅವರೂರು ಬಿಳಿಗೆರೆ ಕಡೆಯಿಂದ ಅಂಟಿಸುತ್ತಾ ಬಂದ. ರಸ್ತೆಯ ನಡುವಿಗೆ ಬಂದಾಗ ಕೈ ನಿಂತುಹೋಯಿತು.

"ಅಲ್ಲೇ ಬುಡ್ಬೇಡಣ್ಣ," ಎಂದಳು ಹಾಲಮ್ಮ. "ಅವ್ವನ್ನ ಆಚೆ ದಾಟ್ಸು."

ಕಣ್ಣು ಮಂಜಾಗಿ ಏನೂ ಕಾಣದೆ, ಏಕಾಂತಯ್ಯ ಬೆರಳಲ್ಲೇ ತಡಕುತ್ತಾ ಆ ಎಳೆಯನ್ನು ಮಂಡಿಯ ಬಾಗಿಲವರೆಗೂ ಅಂಟಿಸಿದ.