ಮೇಲಿನ ಸ್ವರಗಳು

ಸಂಗೀತ ಇರುವ ಬಾರನ್ನು ಬೆಳಿಗ್ಗೆ ಹುಡುಕಬೇಕು. ಸಂಜೆಯಾದರೆ ಯಾರು ಬೇಕಾದರೂ ಹುಡುಕಿಯಾರು. ಸದ್ದು ಬಂದ ಕಡೆ ಕಾಲು ತಾನೇ ಹೋಗುತ್ತದೆ, ಅದರಲ್ಲೇನು ಮಹಾ! ಆದರೆ ಪಿಯಾನೊ ಶ್ರುತಿ ಮಾಡುವವರಿಗೆ ಬೇಕಾದದ್ದು ಗಿರಾಕಿಗಳಿಲ್ಲದ ಬಾರು, ಮೇಜಿನ ಮೇಲೆ ತಲೆಕೆಳಗಾಗಿ ಕೂತ ಕುರ್ಚಿಗಳು, ಆಗಷ್ಟೇ ಒರೆಸಿದ ನೆಲ ಮತ್ತು ಬಾಯಿ ಮುಚ್ಚಿಕೊಂಡಿರುವ ಜನ. ಅದಕ್ಕೇ ಊರಿನ ಪಿಯಾನೊ ಶ್ರುತಿ ಮಾಡುವವನ ಮಗಳು ಬೆಳಿಗ್ಗೆ ಒಂಬತ್ತಕ್ಕೆಲ್ಲ ಮನೆಯಿಂದ ಹೊರಟಿದ್ದಳು.

ಅವಳಿಗೆ ಮೂವತ್ತನಾಲ್ಕು. ಸಂಜೆ ಹಲ್ಲಿನ ಆಸ್ಪತ್ರೆಯೊಂದರಲ್ಲಿ ರೋಗಿಗಳ ಹೆಸರು ಬರೆದುಕೊಳ್ಳುವ ಕೆಲಸ, ಬೆಳಗೆಲ್ಲ ಬಿಡುವು. ಶ್ರುತಿ ಮಾಡುವುದನ್ನು ಅಪ್ಪನಿಂದಲೇ ಕಲಿತವಳು. ಮನೆಯ ಹಳೇ ಪಿಯಾನೊವನ್ನು ನೂರು ಸಲ ಕೆಡಿಸಿ ನೂರಾ ಒಂದು ಸಲ ಸರಿಮಾಡಿದವಳು. ಆದರೆ ಹೊರಗಿನ ವಾದ್ಯ ಮುಟ್ಟಲು ಅಪ್ಪ ಬಿಡಬೇಕಲ್ಲ! "ನನ್ನ ಕಿವಿ ನೆಟ್ಟಗಿರೋವರೆಗೂ ನೀನು ಚೀಲ ಹಿಡ್ಕೊಂಡು ಹಿಂದೆ ಬಾ, ಸಾಕು" ಎನ್ನುತ್ತಿದ್ದ. ಆ ವಾರವಂತೂ ಅಪ್ಪನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊಳೆದಂಡೆಯ ಹಳೇ ಗೋದಾಮಿನಲ್ಲಿ ಹೊಸ ಸಂಗೀತದ ಬಾರು ತೆರೆಯುತ್ತಿತ್ತು. ಶುಕ್ರವಾರ ಬೆಳಿಗ್ಗೆ ಅಲ್ಲಿಯ ದೊಡ್ಡ ಪಿಯಾನೊವನ್ನು ಅಪ್ಪ ಶ್ರುತಿ ಮಾಡಬೇಕು, ಅದೇ ಸಂಜೆ ಹೊರಊರಿನ ಹೆಸರಾಂತ ವಾದಕಿ ನುಡಿಸಬೇಕು. ಅಪ್ಪ ತನ್ನ ಕೋಟನ್ನು ಮೂರು ಸಲ ಇಸ್ತ್ರಿ ಮಾಡಿಸಿದ್ದ.

ಇರಲಿ, ಅವನದು ಅವನಿಗೆ. ಶ್ರುತಿ ಮಾಡಲು ತನಗೆಂದೇ ನಾಲ್ಕು ಜಾಗ ಹುಡುಕಿಕೊಳ್ಳೋಣವೆಂದು ಮಗಳು ಹೊರಟಿದ್ದಳು. ಊರು ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ. ಎಲ್ಲಿ ಹಾಡು ಇದೆ, ಎಲ್ಲಿ ಬರೀ ಕುಡಿತ ಇದೆ ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಗೋಡೆಯ ಮೇಲಿನ ಭಿತ್ತಿಪತ್ರ ನಂಬಿ ಹೋದರೆ ಎರಡು ಕಡೆ ಬೀಗ ಸಿಕ್ಕಿತು. ಕೊನೆಗೆ ಬಿಯರ್ ಪೀಪಾಯಿ ಇಳಿಸುತ್ತಿದ್ದ ಲಾರಿ ಡ್ರೈವರನನ್ನು ಕೇಳಿದಳು.

ಅವನು ಕೈ ಒರೆಸಿಕೊಂಡು ನಕ್ಕ. "ಅಕ್ಕಾ, ಅಕ್ಕಪಕ್ಕದ ಮನೆಯವರು ಎಲ್ಲಿ ಕಂಪ್ಲೇಂಟ್ ಕೊಟ್ಟಿದ್ದಾರೆ ಅಂತ ಕೇಳಿ. ಸಂಗೀತ ಅಲ್ಲೇ ಇರತ್ತೆ."

ಮಾತು ಸುಳ್ಳಾಗಲಿಲ್ಲ. ಸ್ಟೇಷನ್ ಹಿಂದಿನ ಓಣಿಯಲ್ಲಿ ಒಂದು ಸಿಕ್ಕಿತು, ಬ್ಯಾಂಕಿನ ನೆಲಮಾಳಿಗೆಯಲ್ಲಿ ಇನ್ನೊಂದು. ಆದರೆ ಎರಡೂ ಕಡೆ ಒಂದೇ ಉತ್ತರ: "ನಮ್ದನ್ನ ನಿಮ್ಮಪ್ಪನೇ ನೋಡ್ಕೋತಾರಲ್ಲಮ್ಮ." ಅಪ್ಪ ಮುಟ್ಟದ ಪಿಯಾನೊ ಊರಲ್ಲಿ ಒಂದಾದರೂ ಉಳಿದಿದೆಯೋ ಇಲ್ಲವೋ ಎಂದು ಅವಳಿಗೆ ರೇಗಿಹೋಯಿತು.

ಮೂರನೆಯದು ಸಿನಿಮಾ ಥಿಯೇಟರಿನ ಹಿಂದಿತ್ತು. ಅದರ ಒಡತಿ, ಅಂಗಿಯ ತೋಳು ಮಡಚಿ ಗ್ಲಾಸು ಒರೆಸುತ್ತಿದ್ದ ದಪ್ಪ ಹೆಂಗಸು, ಅವಳನ್ನು ಗುರುತು ಹಿಡಿದು ಕೂರಿಸಿದಳು. ಒಡತಿ ಕಾಫಿ ತರಲು ಒಳಗೆ ಹೋದಾಗ ಮಗಳು ಸುಮ್ಮನಿರಲಾರದೆ ಪಿಯಾನೊದ ಮುಚ್ಚಳ ಎತ್ತಿದಳು. ಶ್ರುತಿ ಮಾಡುವವರಲ್ಲಿ ಒಂದು ರೂಢಿಯಿದೆ: ಕೆಲಸ ಮುಗಿದ ಮೇಲೆ ಒಳಗಿನ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು. ಅಪ್ಪನ ಕೈಬರಹ ಅಲ್ಲಿತ್ತು, ಹನ್ನೆರಡನೇ ತಾರೀಖು. ಅದರ ಕೆಳಗೆ, ಸಣ್ಣದಾಗಿ, ಬೇರೆ ಕೈಯ ಬರಹ: ಹದಿನಾಲ್ಕು. ಅದಕ್ಕೂ ಹಿಂದಿನ ತಿಂಗಳ ಸಾಲಿನಲ್ಲಿ ಅಪ್ಪನದು ಮೂರು, ಕೆಳಗೆ ಐದು. ಹೀಗೇ ಮೇಲಿನವರೆಗೂ.

ಹದಿನೈದು ದಿನವಾದರೂ ಕೆಡದ ಶ್ರುತಿಯನ್ನು ಎರಡೇ ದಿನಕ್ಕೆ ಮತ್ತೆ ಯಾರು ಮುಟ್ಟುತ್ತಾರೆ? ಬಲಗಡೆಯ ಮೇಲಿನ ಸ್ವರಗಳನ್ನು ಒಂದೊಂದಾಗಿ ಒತ್ತಿ ನೋಡಿದಳು. ಚೊಕ್ಕವಾಗಿದ್ದವು. ಆದರೆ ಹೋದ ತಿಂಗಳು ಅಪ್ಪ ಶ್ರುತಿ ಮಾಡಿದ ಮನೆಯ ಪಿಯಾನೊದಲ್ಲಿ ಅವೇ ಸ್ವರಗಳು ವಿಪರೀತ ಏರಿದ್ದವು. ಹಳೇ ವಾದ್ಯ, ತಂತಿ ಬಿಗಿಯುವ ಕೀಲು ಸಡಿಲ ಎಂದುಕೊಂಡಿದ್ದಳು. ಕೀಲು ಸಡಿಲವಾದರೆ ಸ್ವರ ಇಳಿಯಬೇಕು, ಏರುವುದು ಹೇಗೆ? ಏರಿಸಿದ್ದು ಅಪ್ಪನ ಕಿವಿ. ತಾನೆಂಥ ಪೆದ್ದಿ!

"ಯಾರೂ ಬಂದಿಲ್ಲಮ್ಮ, ನಿಮ್ಮಪ್ಪ ಬಿಟ್ರೆ ಇನ್ಯಾರೂ ಮುಟ್ಟಿಲ್ಲ" ಎಂದಳು ಹಿಂದಿನಿಂದ ಒಡತಿ.

"ನಾನಿನ್ನೂ ಏನೂ ಕೇಳೇ ಇಲ್ವಲ್ಲ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗಾಯಿತು ಒಡತಿಯ ಪಾಡು. ಕಾಫಿಯನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದಳು. ಬರುವವನು ಅಪ್ಪನ ಸ್ವಂತ ತಮ್ಮ. ನಾಲ್ಕು ವರ್ಷದಿಂದ ಊರಿನ ಎಲ್ಲ ಬಾರುಗಳಿಗೂ ಅಪ್ಪ ಬಂದುಹೋದ ಎರಡನೇ ದಿನ ಬರುತ್ತಾನೆ, ಮೇಲಿನ ಸ್ವರ ಇಳಿಸಿ ಸರಿಮಾಡಿ ಹೋಗುತ್ತಾನೆ. ಯಾರೂ ಬಾಯಿ ಬಿಡಕೂಡದೆಂದು ಆಣೆ ಹಾಕಿಸಿಕೊಂಡಿದ್ದಾನೆ.

ಅಣ್ಣತಮ್ಮಂದಿರು ಮಾತು ಬಿಟ್ಟು ಹದಿನೆಂಟು ವರ್ಷ. ತಮ್ಮ ಶ್ರುತಿ ಅಳೆಯುವ ಯಂತ್ರವೊಂದನ್ನು ಕೊಂಡು ತಂದದ್ದೇ ನೆಪ. ತುಂಬಿದ ಬಾರಿನಲ್ಲಿ ಅಪ್ಪ, "ಇವನಿಗೆ ದೇವರು ಕಿವಿ ಕೊಟ್ಟಿಲ್ಲ, ಅದಕ್ಕೇ ಡಬ್ಬಿ ಬೇಕು" ಎಂದುಬಿಟ್ಟಿದ್ದ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು.

ಚಿಕ್ಕಪ್ಪ ಲಾಂಡ್ರಿಯೊಂದರ ಮೇಲಿನ ಎರಡು ಕೋಣೆಯಲ್ಲಿದ್ದ. ಬಾಗಿಲು ತೆಗೆದವನು ಅವಳ ಮುಖ ನೋಡಿಯೇ, "ಗೊತ್ತಾಯ್ತಾ?" ಎಂದ.

"ಕದ್ದು ಮಾಡೋ ಕೆಲಸಕ್ಕೆ ತಾರೀಖು ಯಾಕೆ ಬರೆದ್ರಿ ಚಿಕ್ಕಪ್ಪ?"

"ಬರೀದೆ ಮುಚ್ಚಳ ಮುಚ್ಚೋಕೆ ಕೈ ಬರಲ್ಲ ಕಣೇ. ನಿಮ್ಮಪ್ಪನೇ ಕಲಿಸಿದ್ದು. ಅಷ್ಟು ಸಣ್ಣ ಅಕ್ಷರ ಅವನ ಕಣ್ಣಿಗೆ ಕಾಣಲ್ಲ ಅನ್ನೋ ಧೈರ್ಯ." ಅವನು ನಗಲು ನೋಡಿದ, ಆಗಲಿಲ್ಲ. "ಈಗ ಶುಕ್ರವಾರದ್ದೇ ನನಗೆ ನಿದ್ದೆ ಬರದ ಹಾಗೆ ಮಾಡಿದೆ. ಬೆಳಿಗ್ಗೆ ಅಣ್ಣ, ಸಂಜೆ ಕಾರ್ಯಕ್ರಮ. ಮಧ್ಯೆ ನಾನು ನುಗ್ಗೋಕೆ ಸಂದಿಯೇ ಇಲ್ಲ. ನುಡಿಸೋ ಆಯಮ್ಮ ಮೊದಲನೇ ಸಲ ಮೇಲಿನ ಸ್ವರಕ್ಕೆ ಕೈ ಹಾಕಿದ ತಕ್ಷಣ ಅವನ ನಲವತ್ತು ವರ್ಷದ ಹೆಸರು ಮಣ್ಣುಪಾಲು. ಏನಾದ್ರೂ ಸುಳ್ಳು ಹೇಳಿ ಅವನನ್ನ ಮನೇಲಿ ಕೂರ್ಸು ತಾಯಿ."

"ನಿಮ್ಮನ್ನ ಅಷ್ಟು ಜನರ ಮುಂದೆ ಹಾಗೆ ಅಂದೋರಿಗೋಸ್ಕರನಾ?"

"ಅಂದದ್ದು ಅಣ್ಣ ತಾನೇ? ಬೀದೀಲಿ ಹೋಗೋರಲ್ವಲ್ಲ."

ದಾರಿಯುದ್ದಕ್ಕೂ ಅವಳು ಸುಳ್ಳು ಹೊಸೆದಳು. ಕಾರ್ಯಕ್ರಮ ಮುಂದಕ್ಕೆ ಹೋಯಿತು ಅನ್ನಲೇ? ತನಗೇ ಜ್ವರ ಅನ್ನಲೇ? ಒಂದೊಂದನ್ನೂ ಅಪ್ಪ ನಂಬುತ್ತಿದ್ದ, ಅದೇ ಅವಳಿಗೆ ಸಂಕಟ. ಊರಿಗೆಲ್ಲ ಗೊತ್ತಿರುವ ಸಂಗತಿ ಅವನೊಬ್ಬನಿಗೆ ಗೊತ್ತಿಲ್ಲ. ಎಲ್ಲರೂ ಕರುಣೆಯಿಂದಲೇ ಅವನ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ, ಇನ್ನು ತಾನೂ ಒಂದು ಗಂಟು ಹಾಕುವುದೇ? ಹಾಗೆಂದು ಹೇಳಿಬಿಟ್ಟರೆ ಅವನಲ್ಲಿ ಉಳಿಯುವುದೇನು? ಮೆಟ್ಟಿಲು ಹತ್ತುವಾಗಲೂ ಅವಳು ತೀರ್ಮಾನಿಸಿರಲಿಲ್ಲ.

ಅಪ್ಪ ಊಟದ ಮೇಜಿನ ಮೇಲೆ ತನ್ನ ಸಲಕರಣೆಗಳನ್ನು ಹರಡಿಕೊಂಡು ಒಂದೊಂದನ್ನೇ ಒರೆಸುತ್ತಿದ್ದ. ಅವನ ಮುಖದಲ್ಲಿದ್ದ ಖುಷಿ ನೋಡಿ ಅವಳಿಗೆ ತಡೆಯಲಾಗಲಿಲ್ಲ. ನಿಂತಲ್ಲೇ ಎಲ್ಲ ಹೇಳಿದಳು. ತಾರೀಖುಗಳು, ನಾಲ್ಕು ವರ್ಷ, ಚಿಕ್ಕಪ್ಪ, ಶುಕ್ರವಾರ.

ಅಪ್ಪ ಕೂಗಾಡಲಿಲ್ಲ. ಎದ್ದುಹೋಗಿ ಪಿಯಾನೊದ ಬಲತುದಿಯ ಸ್ವರದ ಮನೆಯೊಂದನ್ನು ಒತ್ತಿದ. "ಇದು?"

"ಏರಿದೆ ಅಪ್ಪ."

"ಇದು?"

"ಅದೂ ಏರಿದೆ."

ಕಟ್ಟಕಡೆಯ ಮನೆ ಒತ್ತಿದ. ಮತ್ತೆ ಒತ್ತಿದ. ಕಿವಿಯನ್ನು ಹಲಗೆಗೆ ತಾಗಿಸಿ ಇನ್ನೊಮ್ಮೆ ಒತ್ತಿದ. "ನನಗೆ ಮರದ ಟಕ್ ಅನ್ನೋ ಸದ್ದು ಬಿಟ್ಟು ಬೇರೇನೂ ಇಲ್ಲ" ಎಂದ. ಬೆಂಚಿನ ಮೇಲೆ ಕೂತುಕೊಂಡ. "ಊರಿನ ಪಿಯಾನೊಗಳೆಲ್ಲ ಒಟ್ಟಿಗೇ ಮುದಿಯಾದವು ಅಂದ್ಕೊಂಡಿದ್ದೆ ಕಣೇ."

ಅವಳು ಅಳುತ್ತಾ ಅವನ ಪಕ್ಕ ಕೂತಳು. ಪಿಯಾನೊದ ಮುಚ್ಚಳ ಮುಚ್ಚುತ್ತಾ ಅಪ್ಪ ಕೇಳಿದ: "ಅವನು ಚೆನ್ನಾಗಿ ಮಾಡಿದ್ದಾನಾ? ನಿಜ ಹೇಳು."

"ತುಂಬಾ ಚೆನ್ನಾಗಿ."

"ಡಬ್ಬಿ ಇಟ್ಕೊಂಡೇ ಮಾಡಿರ್ತಾನೆ ಬಿಡು" ಎಂದು ಗೊಣಗಿದ. ಆಮೇಲೆ ಕೈ ನೀಡಿದ. "ಅವನ ನಂಬರ್ ಹಾಕಿಕೊಡು."

ಆ ಕಡೆ ಫೋನು ಎತ್ತಿದ ಕೂಡಲೇ, ಹದಿನೆಂಟು ವರ್ಷದ ಪೀಠಿಕೆ ಏನೂ ಇಲ್ಲದೆ ಅಪ್ಪ ಶುರುಮಾಡಿದ: "ನಾಡಿದ್ದು ಎಂಟು ಗಂಟೆಗೆ ಗೋದಾಮಿಗೆ ಬಾ. ಶ್ರುತಿ ನನ್ನ ಮಗಳು ಮಾಡ್ತಾಳೆ. ಮೇಲಿನದು ಸರಿಯಾಗಿದೆಯೋ ಇಲ್ಲವೋ ಅಂತ ನೀನು ಪಕ್ಕದಲ್ಲಿ ಕೂತು ಕೇಳಿ ಹೇಳ್ಬೇಕು. ನನಗೆ ಕೇಳಿಸಲ್ಲ ಕಣೋ."

ಉತ್ತರ ಬರಲಿಲ್ಲ. ಅಪ್ಪ ಕಾದ. ಮತ್ತೂ ಕಾದ.

"ಏನಾದ್ರೂ ಮಾತಾಡೋ ಮಾರಾಯ" ಎಂದ ಕೊನೆಗೆ. "ಅದಿನ್ನೂ ಕೇಳಿಸುತ್ತೆ."