ಮಾಸ್ತರಿಗೆ ನೌಕರಿ ಕೊಟ್ಟವರ್ಯಾರು

ಕಬ್ಬಿನ ಹಂಗಾಮಿನಲ್ಲಿ ಹಳಿಯಾಳದ ಬಸ್ ಸ್ಟ್ಯಾಂಡಿನ ಗಾಳಿಯೇ ಅಂಟಂಟು. ರಸ್ತೆಗೆ ಬಿದ್ದ ಕಬ್ಬು ಟ್ರ್ಯಾಕ್ಟರಿನ ಗಾಲಿಗೆ ಸಿಕ್ಕು ಅರೆದು ಹುಳಿಯುತ್ತದೆ. ಅದರ ಸಿಹಿಯೂ ಮೂತ್ರಿಯ ಗೋಡೆಯ ಘಾಟೂ ಕೂಡಿ ಗಂಟಲಲ್ಲಿ ಬಂದು ಕೂರುತ್ತವೆ. ಅದರೊಳಗೆ ಕೂತು ತುಳಸಾ ಕಾದಂಬರಿ ಓದುತ್ತಿದ್ದಳು. ಕಾದಂಬರಿಯೂ ಹಾಗೇ ಇತ್ತು. ಮೇಲೆ ಅತಿಯಾದ ಸಿಹಿ, ಕೆಳಗೆಲ್ಲೋ ನಾತ.

ಅದು ಹಾಸ್ಟೆಲ್ ಲೈಬ್ರರಿಯ ಪುಸ್ತಕ. ಕಾಡಿನ ನಡುವಿನ ಊರಿಗೊಬ್ಬ ಆದರ್ಶ ಮೇಷ್ಟ್ರು ಬರುತ್ತಾರೆ. ಮಕ್ಕಳು ಅವರನ್ನು ಕಂಡು ಕಾಡುಮೊಲಗಳ ಹಾಗೆ ಪೊದೆ ಸೇರುತ್ತವೆ. ಮೇಷ್ಟ್ರು ಬೆಲ್ಲದ ಚೂರು ತೋರಿಸುತ್ತಾರೆ, ಮೊಲಗಳು ಹೊರಬಂದು ಅ ಆ ಇ ಈ ಕಲಿಯುತ್ತವೆ. ಕಪ್ಪು ಹುಡುಗಿಯೊಬ್ಬಳು ಬಂದಲ್ಲೆಲ್ಲ ಬರೆದವರು ಅವಳನ್ನು 'ಕಗ್ಗಲ್ಲಿನಲ್ಲಿ ಕಡೆದ ಬೊಂಬೆ' ಎಂದಿದ್ದರು. ಆ ಸಾಲಿನ ಪಕ್ಕ ಹಿಂದೆ ಓದಿದವಳು ಯಾವಳೋ ಬಾಲ್‌ಪೆನ್ನಿನಿಂದ 'ಸೂಪರ್' ಎಂದು ಬರೆದಿದ್ದಳು. ಇನ್ನೊಬ್ಬಳು ಅದೇ ಪುಟದ ಮೇಲೆ ಸೊಳ್ಳೆ ಹೊಡೆದು ಒರೆಸಿದ್ದಳು. ಆಫ್ರಿಕಾ ಮೂಲದ ಸಿದ್ದಿ ಜನಾಂಗದ ಹುಡುಗಿಯಾದ ತುಳಸಾಗೆ ಎರಡನೆಯವಳ ವಿಮರ್ಶೆಯೇ ಹೆಚ್ಚು ಒಪ್ಪಿಗೆಯಾಯಿತು.

ಆದರೂ ಕೆಳಗಿಡಲು ಆಗಲಿಲ್ಲ. ತುರಿಕಜ್ಜಿ ಕೆರೆದುಕೊಂಡ ಹಾಗೆ ಓದಿಕೊಂಡೇ ಹೋದಳು. ಮೊದಲ ಪುಟದಲ್ಲಿ ಮೇಷ್ಟ್ರು ಟ್ರಂಕು ಹಿಡಿದು ಬಸ್ಸಿನಿಂದ ಇಳಿಯುತ್ತಾರೆ. ಇಳಿಯುವಾಗಲೇ ಅವರು ಮೇಷ್ಟ್ರು. ಈ ಮನುಷ್ಯನಿಗೆ ನೌಕರಿ ಕೊಟ್ಟವರ್ಯಾರು? ಎಲ್ಲಿ ಅರ್ಜಿ ಹಾಕಿದ, ಯಾರ ಬಾಗಿಲಲ್ಲಿ ಕೂತ? ಮುಂದೆಲ್ಲಾದರೂ ಹೇಳಿಯಾರು ಎಂದು ಅವಳು ಅರ್ಧ ಪುಸ್ತಕ ದಾಟಿದ್ದಳು.

ಅವಳಿಗೆ ಅದು ತಿಳಿಯಬೇಕಿತ್ತು. ಕನ್ನಡ ಎಂ.ಎ., ಬಿ.ಎಡ್. ಮುಗಿಸಿ ಈ ಭಾಗದ ಖಾಸಗಿ ಶಾಲೆಗಳ ಬೆಂಚುಗಳನ್ನೆಲ್ಲ ಸವೆಸಿದ್ದಳು. ಎಲ್ಲ ಕಡೆ ಒಂದೇ ಮಾತು: 'ನೋಡೂಣು.' ಹಾಸ್ಟೆಲ್ಲಿನವರು ತಿಂಗಳ ಕೊನೆಗೆ ಕೋಣೆ ಬಿಡು ಎಂದಿದ್ದರು. ಬಿಟ್ಟರೆ ಹೋಗುವುದೆಲ್ಲಿಗೆ ಎಂಬುದೂ ಗೊತ್ತಿತ್ತು. ಅವಳ ಊರಿನ ಗೆಳತಿ ಜ್ಯೂಲಿ ಜೋಯಿಡಾ ಕಡೆಯ ರೆಸಾರ್ಟೊಂದರಲ್ಲಿ ಹಾಸಿಗೆ ಚಾದರ ಒಗೆಯುತ್ತಿದ್ದಳು. ನಿನ್ನೆ ಫೋನಿನಲ್ಲಿ ತಮ್ಮ ಕೊಂಕಣಿಯಲ್ಲಿ ಹೇಳಿದ್ದಳು: "ಇಲ್ಲೊಂದು ಜಾಗ ಖಾಲಿ ಇದೆ. ನಿನ್ನ ಎಂ.ಎ. ಮಾತ್ರ ಯಾರಿಗೂ ಹೇಳಬೇಡ, ಕೆಲಸ ಕೊಡುವುದಿಲ್ಲ. ಭಾನುವಾರದ ಚಾದರ ಎತ್ತುವಾಗ ಉಸಿರು ಹಿಡಿ, ಉಳಿದದ್ದೆಲ್ಲ ರೂಢಿಯಾಗುತ್ತದೆ."

ದಾಂಡೇಲಿಯ ಬಸ್ಸು ಬಂತು. ಅಲ್ಲೊಂದು ಹೈಸ್ಕೂಲಿನಲ್ಲಿ ಕನ್ನಡಕ್ಕೆ ಜಾಗವಿತ್ತು, ಮುಂಜಾನೆ ಡೆಮೊ ಪಾಠ. ತುಳಸಾ ಪುಸ್ತಕ ಚೀಲಕ್ಕೆ ಹಾಕಿ ಹತ್ತಿದಳು.

ಶಾಲೆಯ ಬೆಂಚಿನ ಮೇಲೆ ಆಗಲೇ ಒಬ್ಬಳು ಕೂತಿದ್ದಳು. ಹೆಸರು ನಿರ್ಮಲಾ. ಇಸ್ತ್ರಿ ಸೀರೆ, ಮುಖದಲ್ಲಿ ನಿದ್ದೆ.

"ನೀವು ಸ್ಪೋರ್ಟ್ಸ್‌ಗೆ ಬಂದೀರೇನ್ರಿ?" ಎಂದಳು.

"ಇಲ್ರಿ, ಕನ್ನಡಕ್ಕ."

"ಹೌದಾ? ನಾನೂ ಕನ್ನಡಕ್ಕ. ನಿಮ್ಮ ಮಂದಿ ಓಟದಾಗ ಭಾರಿ ಅಂತಾರಲ್ರಿ, ಅದಕ್ಕ ಕೇಳಿದೆ. ಪಿ.ಟಿ. ಜಾಗ ಆದ್ರ ಲಗೂನ ಸಿಗ್ತೈತಿ."

"ನಾನು ಬಸ್ಸು ಬಿಟ್ರೂ ಓಡಂಗಿಲ್ರಿ."

ನಿರ್ಮಲಾ ನಕ್ಕಳು. ಕೆಟ್ಟವಳಲ್ಲ. "ನನಗಂತೂ ಈ ನೌಕರಿ ಬ್ಯಾಡಾಗಿತ್ತು" ಎಂದಳು. "ಸೆಕ್ರೆಟರಿ ಅಡಿವೆಯ್ಯ ಅಂದ್ರ ನಮ್ಮ ದೊಡ್ಡಪ್ಪಾರು. ಮನ್ಯಾಗ ಕೂತು ಏನ್ ಮಾಡ್ತಿ, ಬಾ ಅಂದ್ರು."

ಎದ್ದು ಹೋಗಿಬಿಡುವ ಮಾತು ಅದು. ತುಳಸಾ ಎದ್ದಳು ಕೂಡ. ಆಮೇಲೆ ಚಾದರಗಳು ನೆನಪಾಗಿ ಮತ್ತೆ ಕೂತಳು.

ನಿರ್ಮಲಾಳ ಪಾಠ ಮೊದಲಾಯಿತು. ಇಬ್ಬರಿಗೂ ಹೇಳಿ ಕಳಿಸಿದ್ದು ಒಂದೇ ಪದ್ಯ. ನಿರ್ಮಲಾ ಅದನ್ನು ಗೈಡಿನಿಂದ ಓದಿ ಅರ್ಥ ಬರೆಸಿ ಮುಗಿಸಿದಳು. ಹೆಡ್ ಟೀಚರ್ ಶಾಂತಾದೇವಿ ಹೊರಗೆ ಬಂದು ತುಳಸಾಗೆ, "ಆ ಪದ್ಯಾ ಆಗಿಹೋತು. ನೀ ಬ್ಯಾರೆ ಏನರ ತಗೋ" ಎಂದರು. ಬೇರೆ ಏನು? ವಾರವಿಡೀ ತಯಾರಿ ಮಾಡಿದ್ದು ಅದೊಂದೇ. ಚೀಲಕ್ಕೆ ಕೈ ಹಾಕಿದಾಗ ಸಿಕ್ಕಿದ್ದು ಕಾದಂಬರಿ.

ಎಂಟನೆಯ ತರಗತಿ. ಹಿಂದಿನ ಸಾಲಿನಲ್ಲಿ ಶಾಂತಾದೇವಿ ಕೂತರು, ಬಾಗಿಲಲ್ಲಿ ಅಡಿವೆಯ್ಯ ಫೋನಿನಲ್ಲಿ ಮಾತಾಡುತ್ತ ನಿಂತ. ತುಳಸಾ ಮೊದಲ ಪುಟ ಓದಿದಳು. ಬಸ್ಸು, ಧೂಳು, ಟ್ರಂಕು, ಮೇಷ್ಟ್ರು. ಓದಿ ಪುಸ್ತಕ ಮುಚ್ಚಿದಳು.

"ಬರೆದವರು ಏನೇನ್ ಹೇಳ್ಯಾರ ಅಂತ ನಾ ಕೇಳಂಗಿಲ್ಲ. ಏನ್ ಹೇಳಿಲ್ಲ ಅದನ್ನ ಹೇಳ್ರಿ."

ಹುಡುಗರು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ಕಿಟಕಿಯ ಹತ್ತಿರದವಳು, "ಊಟಾ ಮಾಡ್ಯಾರೋ ಇಲ್ಲೋ ಹೇಳಿಲ್ರಿ."

"ಛಲೋ. ಮತ್ತ?"

"ಟ್ರಂಕಿನ್ಯಾಗ ಏನೈತಿ ಹೇಳಿಲ್ರಿ."

"ಅವರ ಹೇಣ್ತಿ ಎಲ್ಲಿ ಅದಾಳ ಹೇಳಿಲ್ರಿ."

"ಮಾಸ್ತರ ಜಾತಿ ಹೇಳಿಲ್ರಿ" ಎಂದು ಒಬ್ಬ ಹೇಳಿದ. ಶಾಂತಾದೇವಿ ತಲೆ ಎತ್ತಿದರು. ತುಳಸಾ ಗದರಲಿಲ್ಲ. "ಖರೆ ಐತಿ, ಹೇಳಿಲ್ಲ. ಬರೆದವರಿಗೆ ಹೇಳೂ ಜರೂರು ಯಾಕ ಬೀಳಲಿಲ್ಲ? ವಿಚಾರ ಮಾಡು" ಎಂದಳು. ಅವನು ನಿಜವಾಗಿಯೂ ವಿಚಾರ ಮಾಡತೊಡಗಿದ, ಅದು ಮುಖದ ಮೇಲೆ ಕಾಣುತ್ತಿತ್ತು.

ಆಗ ಮುಂದಿನ ಬೆಂಚಿನಿಂದ ಸಣ್ಣ ದನಿ: "ಇಂಟರ್ವ್ಯೂ ಆಗಿಲ್ರಿ ಅವರದು."

ತರಗತಿಯೆಲ್ಲ ನಕ್ಕಿತು. ತುಳಸಾ ಕೂಡ ನಕ್ಕಳು, ಎಷ್ಟೋ ದಿನಕ್ಕೆ. ಬೆಲ್ ಹೊಡೆಯಿತು. ಹುಡುಗರು ಏಳಲಿಲ್ಲ. "ಮುಂದ ಏನಾತ್ರಿ, ಮಿಸ್?"

"ನಾಳೆ ಹೇಳ್ತೇನಿ" ಎಂದುಬಿಟ್ಟಳು. ಬಾಯಿಂದ ಬಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

ಆಫೀಸಿನಲ್ಲಿ ಅಡಿವೆಯ್ಯ ಮಿರ್ಚಿ ಭಜಿ ತಿನ್ನುತ್ತಿದ್ದ. ಟೇಬಲ್ಲಿನ ಮೇಲಿದ್ದ ಅವಳ ಅರ್ಜಿಯ ಮೇಲೇ ಭಜಿಯ ಮೆಣಸಿನಕಾಯಿ ತೊಟ್ಟುಗಳನ್ನು ಗುಡ್ಡೆ ಹಾಕಿದ್ದ. ಅವಳ ಹೆಸರಿನ ಸುತ್ತ ಎಣ್ಣೆ ಹಬ್ಬಿ ಕಾಗದ ಪಾರದರ್ಶಕವಾಗಿತ್ತು. ಶಾಂತಾದೇವಿ ಗೋಡೆಗೆ ಆತು ನಿಂತಿದ್ದರು.

"ಪಾಠ ಛಲೋ ಆತು ಅಂದ್ರು ಟೀಚರ್. ಕನ್ನಡ ಭಾರಿ ಸ್ವಚ್ಛ ಮಾತಾಡ್ತಿಯಲ್ಲ, ಎಲ್ಲಿ ಕಲ್ತಿ?"

"ಸಾಲ್ಯಾಗ್ರಿ."

"ಹಾಂ. ನೋಡು, ಕನ್ನಡಕ್ಕ ನಿರ್ಮಲಾ ಅದಾಳ, ಅದು ಮುಗದದ್ದು. ಮಧ್ಯಾಹ್ನದಿಂದನ ಕ್ಲಾಸ್ ತಗೋತಾಳ. ನಿನ್ನ ನಾ ಬರಿಗೈಲೆ ಕಳಸಂಗಿಲ್ಲ. ಸಾಲಿ ವಾರ್ಷಿಕ ಗ್ಯಾದರಿಂಗ್ ಬಂತು, ಹುಡುಗೂರಿಗೆ ನಿಮ್ಮ ಡಮಾಮಿ ಕುಣಿತ ಕಲಸು. ಶನಿವಾರ ನಮ್ಮ ರೆಸಾರ್ಟಿಗೂ ಬಾ. ಗೋವಾ, ಪುಣೆ ಮಂದಿ ಬರ್ತಾರ. ಬೆಂಕಿ ಹಾಕ್ತೇವಿ, ಸುತ್ತ ಎಲಿ ಕಟ್ಕೊಂಡು ನಾಕು ಮಂದಿ ಕುಣದ್ರ ಅವರಿಗೆ ಖುಷಿ."

"ನನಗ ಕುಣಿಯಾಕ ಬರಂಗಿಲ್ರಿ. ಐದನೇತ್ತಿನಿಂದ ಹಾಸ್ಟೆಲಿನ್ಯಾಗ ಬೆಳದಾಕಿ."

"ಅದೇನ್ ಕಲಿಯೂ ವಿದ್ಯಾನ? ನಿಮ್ಮ ರಕ್ತದಾಗ ಇರ್ತೈತಿ. ಟೀಚರ್, ಬಾಗಲಾ ಮುಂದ ಮಾಡ್ರಿ. ಇಲ್ಲೇ ಒಂದೆರಡು ಹೆಜ್ಜಿ ಹಾಕು. ಅದೂ ಡೆಮೊ ಅಂತ ತಿಳ್ಕೋ."

ಶಾಂತಾದೇವಿ ಬಾಗಿಲು ಎಳೆದು ಮುಚ್ಚಿದರು. ಅದು ತುಳಸಾಗೆ ಭಜಿಯ ತೊಟ್ಟುಗಳಿಗಿಂತ ಹೆಚ್ಚು ಹೇಸಿಗೆ ತರಿಸಿತು. ಊರಲ್ಲಿ ಹಿರಿಯರಿಗೆ ಎಡೆ ಇಟ್ಟ ದಿನ ಡಮಾಮಿ ಬಡಿದರೆ ಅವಳ ಅಜ್ಜಿ ಕುಣಿಯುತ್ತಿದ್ದಳು. ಅಜ್ಜಿಗೆ ಯಾರೂ ಕುಣಿ ಎಂದು ಹೇಳಿದ್ದಿಲ್ಲ, ಸಾಕು ಎಂದೂ ಹೇಳಿದ್ದಿಲ್ಲ.

"ಸರ್, ನೀವು ಅಯ್ನೋರು, ಜಂಗಮರಲ್ರಿ?" ಎಂದಳು.

"ಹೌದು. ಯಾಕ?"

"ವೀರಭದ್ರ ದೇವರ ಮುಂದ ಪುರವಂತರು ಕುಣೀತಾರಲ್ರಿ, ಕತ್ತಿ ಹಿಡ್ಕೊಂಡು, ಒಡಪು ಹೇಳಿ. ನಿಮ್ಮ ರಕ್ತದಾಗೂ ಇರ್ಬೇಕು. ಮೊದಲ ನೀವು ಒಂದೆರಡು ಹೆಜ್ಜಿ ಹಾಕ್ರಿ. ಬಾಗಲಾ ಹೆಂಗೂ ಹಾಕ್ಯಾರ."

ಶಾಂತಾದೇವಿಗೆ ಕೆಮ್ಮು ಬಂತು, ಸೆರಗು ಬಾಯಿಗೆ ಹೋಯಿತು. ಅಡಿವೆಯ್ಯನ ಕೈಯಲ್ಲಿದ್ದ ಭಜಿ ಅಲ್ಲೇ ನಿಂತಿತು.

"ಇದಕ್ಕ ನೋಡು, ನಿಮ್ಮಂಥವರಿಗೆ ಉಪಕಾರ ಮಾಡಬಾರ್ದು ಅನ್ನೂದು."

ಮುಂಜಾನೆಯಿಂದ ಅವನ ಬಾಯಲ್ಲಿ ಬಂದ ಬಹುವಚನವೆಲ್ಲ ಅವಳ ಮಂದಿಗೆ, ಅವಳಿಗಲ್ಲ. ತುಳಸಾ ಅರ್ಜಿಯನ್ನು ಹಿಂದೆ ಕೇಳಲಿಲ್ಲ. ಯಾರು ಮುಟ್ಟುತ್ತಾರೆ ಅದನ್ನು.

ಸಂಜೆ ಹೊತ್ತಿಗೆ ಹಳಿಯಾಳದ ಸ್ಟ್ಯಾಂಡಿನ ಅದೇ ಬೆಂಚಿನ ಮೇಲೆ ಕೂತು ಮಿಕ್ಕ ಪುಟಗಳನ್ನು ಓದುತ್ತಿದ್ದಾಗ ಫೋನು ಬಂತು.

"ತುಳಸಾ ಅಲ್ಲೇನವಾ? ನಾನು ಶಾಂತಾದೇವಿ ಟೀಚರ್. ಬ್ಯಾಸರಾ ಮಾಡ್ಕೋಬ್ಯಾಡ. ಎಂಟನೇತ್ತಿನವ್ರು ಮಧ್ಯಾಹ್ನ ನಿರ್ಮಲಾಗ ಪಾಠ ಮಾಡಗೊಡಲಿಲ್ಲ. ಆ ಮಿಸ್ ಮುಂದಿಂದು ಹೇಳ್ತೇನಿ ಅಂದಾರ ಅಂತ ಒಂದೇ ಸವನೆ ಗದ್ದಲ. ಆ ಪುಸ್ತಕದ ಹೆಸರು ಹೇಳು. ಮತ್ತ ನೀ ಕೇಳಿದ್ದೆಲ್ಲ ಪ್ರಶ್ನಿ, ಅಂಥಾವು ಒಂದಿಷ್ಟು ವಾಟ್ಸ್ಯಾಪ್ ಮಾಡು. ಪಾಪ, ಅಕಿಗೆ ಅನುಕೂಲ ಆಗ್ತೈತಿ."

ತುಳಸಾ ಪುಟಕ್ಕೆ ಬೆರಳಿಟ್ಟು ಪುಸ್ತಕ ಮುಚ್ಚಿದಳು. "ಟೀಚರ್, ನೀವು ಹಿಂದ ಕೂತು ಇಬ್ಬರದೂ ಕೇಳಿದ್ರಿ. ಯಾರ ಪಾಠ ಛಲೋ ಆತ್ರಿ?"

"ನಿಂದ. ಅದರಾಗ ಎರಡು ಮಾತಿಲ್ಲ. ಆದ್ರ ನನ್ನ ಕೈಯಾಗ ಏನೈತಿ ಹೇಳು."

"ಬಾಗಲಾ ಇತ್ತಲ್ರಿ."

ಆ ಕಡೆ ಮತ್ತೆ ಕೆಮ್ಮು ಬಂತು.

"ಮುಂದಿಂದು ವಾಟ್ಸ್ಯಾಪಿನ್ಯಾಗ ಬರಂಗಿಲ್ರಿ, ಟೀಚರ್. ಕನ್ನಡ ತಾಸು ಕೊಡ್ರಿ, ಬಂದು ಹೇಳ್ತೇನಿ."

"ನೋಡೂಣು" ಎಂದು ಶಾಂತಾದೇವಿ ಫೋನಿಟ್ಟರು.

ಅವಳು ಕೊನೆಯ ಪುಟ ಮುಟ್ಟಿದಳು. ಮೇಷ್ಟ್ರಿಗೆ ವರ್ಗವಾಗಿತ್ತು. ಕೇಳದೆಯೇ ಇನ್ನೊಂದು ಊರಿನಲ್ಲಿ ನೌಕರಿ ಕಾದಿತ್ತು. ಬಂದ ಬಸ್ಸಿಗೇ ಹತ್ತಿದರು. ಮೊಲಗಳು ಅತ್ತವು, ಕಗ್ಗಲ್ಲಿನ ಬೊಂಬೆ ಟ್ರಂಕಿನ ಮೇಲೆ ಕಾಡುಹೂವು ಇಟ್ಟಿತು. ನೌಕರಿ ಕೊಟ್ಟವರ್ಯಾರು ಎಂಬ ಮಾತು ಈ ರಟ್ಟಿನಿಂದ ಆ ರಟ್ಟಿನವರೆಗೆ ಎಲ್ಲೂ ಇರಲಿಲ್ಲ. ತುಳಸಾ ಪೆನ್ನು ತೆಗೆದು ಆ ಕಗ್ಗಲ್ಲಿನ ಪುಟಕ್ಕೆ ಮರಳಿದಳು; ಹಾಸ್ಟೆಲ್ಲಿನ ಮುಂದಿನ ಓದುಗರಿಗಾಗಿ 'ಸೂಪರ್' ಎಂಬುದರ ಕೆಳಗೆ, ಸೊಳ್ಳೆಯ ಕಲೆ ಬಿಟ್ಟು, ಬರೆದಳು: 'ಮೇಷ್ಟ್ರ ಇಂಟರ್ವ್ಯೂ ಆಗಿಲ್ಲ.'

ಆಮೇಲೆ ಜ್ಯೂಲಿಗೆ ಫೋನ್ ಮಾಡಿದಳು.

"ಆ ಜಾಗ ಇನ್ನೂ ಇದೆಯಾ?"

"ಇದೆ. ಯಾವಾಗ ಬರುತ್ತೀ?"

"ಸೋಮವಾರ ಮುಂಡಗೋಡದಲ್ಲಿ ಒಂದು ಡೆಮೊ ಇದೆ. ಅಲ್ಲೂ ಇದೇ ಹಾಡಾದರೆ ಮಂಗಳವಾರ. ಚಾದರ ಒಗೆಯುತ್ತೇನೆ, ಕಕ್ಕಸು ತೊಳೆ ಎಂದರೆ ಅದನ್ನೂ ತೊಳೆಯುತ್ತೇನೆ. ಶನಿವಾರ ಬೆಂಕಿ ಹಾಕಿದಾಗ ಮಾತ್ರ ನನ್ನನ್ನು ಕುಣಿಯಲು ಕರೆಯಬಾರದು. ಅದನ್ನು ಮೊದಲೇ ಹೇಳಿಡು."

"ಯಾರಿಗೆ ಹೇಳಲಿ?" ಎಂದು ಜ್ಯೂಲಿ ನಕ್ಕಳು. "ಅವರು ನನ್ನನ್ನೂ ಮೊದಲು ತೆಗೆದುಕೊಂಡಿದ್ದು ಅದಕ್ಕೇ."